ಟರ್ಮಿನಲ್‌ಗೆ ಬಣ್ಣ ಹಾಕಿ, ಆದರೆ ಕೆಂಪನ್ನು ಲೈವ್ ಸರ್ವರ್‌ಗೆ ಮೀಸಲಿಡಿ

ನನ್ನ ಲ್ಯಾಪ್‌ಟಾಪ್‌ನಲ್ಲಿ ಯಾವಾಗಲೂ ನಾಲ್ಕೈದು ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ವಿಂಡೋ, ತೆರೆದಿರುತ್ತವೆ. ಒಂದು ಟೆಸ್ಟ್ ಸರ್ವರ್, ಇನ್ನೊಂದು ಜನ ನಿಜವಾಗಿ ಬಳಸುತ್ತಿರುವ ಲೈವ್ ಸರ್ವರ್, ಉಳಿದವು ನನ್ನದೇ ಮೆಷಿನ್. ಎಲ್ಲವೂ ಒಂದೇ ಥರ ಕಂಡರೆ ಯಾವ ಫೈಲನ್ನು ಎಲ್ಲಿ ಅಳಿಸುತ್ತಿದ್ದೇವೆ ಅಂತ ತಿಳಿಯುವುದು ಹೇಗೆ? ನಾನು ಬಣ್ಣ ಹಾಕುವುದು ಮುಖ್ಯವಾಗಿ ಇದಕ್ಕೇ. ಅಂದಚಂದ ಆಮೇಲೆ.

ಮೊದಲು ಕೈಯಾರೆ ಮಾಡಿ ನೋಡಿ. ಪ್ರಿಂಟ್‌ಎಫ್ ಕಮಾಂಡ್ ಟೈಪ್ ಮಾಡಿ, ಸ್ಪೇಸ್ ಬಿಟ್ಟು, ಸಿಂಗಲ್ ಕೋಟ್ ಒಳಗೆ \033[31 ಹಾಕಿ. ಅದಕ್ಕೆ ಅಂಟಿದಂತೆ ಇಂಗ್ಲಿಷಿನ ಸಣ್ಣ ಎಂ ಅಕ್ಷರ ಬರಲಿ. ಆಮೇಲೆ ನಿಮ್ಮ ಹೆಸರು. ಕೊನೆಗೆ \033[0 ಮತ್ತು ಇನ್ನೊಂದು ಎಂ. ಎಂಟರ್ ಒತ್ತಿದರೆ ಹೆಸರು ಕೆಂಪಗೆ ಕಾಣುತ್ತದೆ.

ಇಲ್ಲಿ \033 ಅಂದರೆ ಎಸ್ಕೇಪ್ ಅಕ್ಷರದ ಕೋಡ್. 31 ಕೆಂಪು, 32 ಹಸಿರು, 33 ಹಳದಿ, 34 ನೀಲಿ. ಹಿನ್ನೆಲೆಗೆ ಬಣ್ಣ ಬೇಕಾದರೆ 41, 42 ಹೀಗೆ. 1 ದಪ್ಪ ಅಕ್ಷರಕ್ಕೆ, 4 ಅಡಿಗೆರೆಗೆ. ಎರಡು ಒಟ್ಟಿಗೆ ಬೇಕಾ? ನಡುವೆ ಸೆಮಿಕೋಲನ್ ಹಾಕಿ: 1;31. ಕೊನೆಯ 0 ಮರೆತರೆ ಬಣ್ಣ ಮುಂದಿನ ಸಾಲುಗಳಿಗೂ ಹರಿಯುತ್ತದೆ. ಅಂದ ಹಾಗೆ, 1978ರ ಡೆಕ್ ಕಂಪನಿಯ ವಿಟಿ100 ಟರ್ಮಿನಲ್ ಯಂತ್ರ ಕೂಡ ಇದೇ ಥರದ ಎಸ್ಕೇಪ್ ಕೋಡ್ ಓದುತ್ತಿತ್ತು, ಅದರ ಪರದೆಯಲ್ಲಿ ಬಣ್ಣವೇ ಇರಲಿಲ್ಲ!

ಈಗ ಪ್ರಾಂಪ್ಟ್, ಅಂದರೆ ಕಮಾಂಡ್ ಟೈಪ್ ಮಾಡುವ ಜಾಗದ ಮೊದಲು ಕಾಣುವ ಹೆಸರಿನ ಸಾಲು. ಲೈವ್ ಸರ್ವರ್ ಉಬುಂಟು ಲಿನಕ್ಸ್ ಆಗಿದ್ದರೆ ಕೆಲಸ ಬಹಳ ಸುಲಭ. ನಿಮ್ಮ ಹೋಮ್ ಫೋಲ್ಡರ್‌ನ ಡಾಟ್ ಬ್ಯಾಶ್‌ಆರ್‌ಸಿ ಫೈಲ್ ತೆರೆಯಿರಿ. ಇದು ಬ್ಯಾಶ್‌ನ, ಅಂದರೆ ನಮ್ಮ ಕಮಾಂಡ್ ಓದಿ ನಡೆಸುವ ಪ್ರೋಗ್ರಾಮಿನ, ಸೆಟ್ಟಿಂಗ್ ಫೈಲ್. ಪ್ರಾಂಪ್ಟ್ ಹೇಗಿರಬೇಕು ಅಂತ ಹೇಳುವ ಪಿಎಸ್1 ಇರುವ ಒಂದು ಸಾಲಿನಲ್ಲಿ 01;32 ಅಂತ ಇರುತ್ತದೆ. ಆ 32 ತೆಗೆದು 31 ಮಾಡಿ, ಸೇವ್ ಮಾಡಿ, ಮತ್ತೆ ಲಾಗಿನ್ ಆಗಿ. ಯೂಸರ್ ಮತ್ತು ಮೆಷಿನ್ ಹೆಸರು ಕೆಂಪಾಗಿರುತ್ತದೆ. ಎಲ್ಲ ಅಧಿಕಾರ ಇರುವ ರೂಟ್ ಯೂಸರ್‌ಗೆ ಬೇರೆ ಫೈಲ್ ಇದೆ, ಅಲ್ಲೂ ಬದಲಾಯಿಸಿ. ಟೆಸ್ಟ್ ಸರ್ವರ್ ಹಸಿರಾಗಿಯೇ ಇರಲಿ. ಎಲ್ಲ ಕಡೆ ಕೆಂಪು ಹಾಕಿದರೆ ಕೆಂಪಿಗೆ ಬೆಲೆ ಉಳಿಯುವುದಿಲ್ಲ, ಅಲ್ವಾ?

ಆ ಸಾಲಿನಲ್ಲಿ ಪ್ರತಿ ಬಣ್ಣದ ಕೋಡ್ ಸುತ್ತ \[ ಮತ್ತು \] ಇರುವುದನ್ನು ಗಮನಿಸಿ. ಇದು ಬೇಡದ ಕಸ ಅಂತ ಸುಮ್ನೆ ಅಳಿಸಬೇಡಿ. ಒಳಗಿರುವುದು ಪರದೆಯಲ್ಲಿ ಜಾಗ ಹಿಡಿಯುವುದಿಲ್ಲ ಅಂತ ಬ್ಯಾಶ್‌ಗೆ ಹೇಳುವುದು ಇದೇ. ಇದಿಲ್ಲದಿದ್ದರೆ ಬ್ಯಾಶ್ ಪ್ರಾಂಪ್ಟಿನ ಉದ್ದವನ್ನು ತಪ್ಪಾಗಿ ಲೆಕ್ಕ ಹಾಕುತ್ತದೆ. ಉದ್ದದ ಕಮಾಂಡ್ ಟೈಪ್ ಮಾಡುವಾಗ ಅಕ್ಷರಗಳು ಅದೇ ಸಾಲಿನ ಮೇಲೆ ಮತ್ತೆ ಬಂದು ಕೂರುತ್ತವೆ.

ಸ್ಕ್ರಿಪ್ಟ್‌ನಲ್ಲಿ ಬಣ್ಣ ಹಾಕುವಾಗ ಔಟ್‌ಪುಟ್ ಟರ್ಮಿನಲ್‌ಗೆ ಹೋಗುತ್ತಿದೆಯಾ ಅಂತ ಮೊದಲು ಪರೀಕ್ಷಿಸಿ. ಬ್ಯಾಶ್‌ನಲ್ಲಿ ಇದಕ್ಕೆ ಮೈನಸ್ ಟಿ 1 ಅನ್ನುವ ಟೆಸ್ಟ್ ಇದೆ. ಇಲ್ಲದಿದ್ದರೆ, ಹೇಳಿದ ಸಮಯಕ್ಕೆ ಸ್ಕ್ರಿಪ್ಟ್ ತಾನೇ ಓಡಿಸುವ ಕ್ರಾನ್‌ನ ಲಾಗ್ ಫೈಲ್ ತುಂಬ [31 ತುಣುಕುಗಳು. ಇನ್ನು, ಕೆಂಪು ಹಸಿರು ಬೇರೆಬೇರೆಯಾಗಿ ಕಾಣದವರೂ ಇದ್ದಾರೆ. ಅವರಿಗಾಗಿ ಬಣ್ಣದ ಜೊತೆ ‘ಸರಿ’, ‘ತಪ್ಪು’ ಅಂತ ಪದವನ್ನೂ ಬರೆಯಿರಿ.