ಪಾರ್ಟಿಗೆ ಹಿಂದಿನ ದಿನವೇ ಮಾಡಿಡುವ ಪಿಕಲ್ಡ್ ಸಿಗಡಿ

ಹತ್ತು ಹನ್ನೆರಡು ಜನ ಮನೆಗೆ ಬರುವ ದಿನ ಒಲೆ ಮುಂದೆ ನಿಂತು ಬಿಸಿಬಿಸಿ ಸ್ಟಾರ್ಟರ್ ಕರಿಯುತ್ತಾ ಇದ್ದರೆ, ಬಂದವರ ಜೊತೆ ಕೂತು ಎರಡು ಮಾತಾಡಲೂ ಆಗುವುದಿಲ್ಲ. ಅದಕ್ಕೇ ನನಗೆ ಪಿಕಲ್ಡ್ ಸಿಗಡಿ ಅಂದರೆ ಅಷ್ಟು ಇಷ್ಟ. ಹಿಂದಿನ ದಿನವೇ ಮಾಡಿ ಫ್ರಿಜ್ಜಿನಲ್ಲಿ ಇಡಬಹುದು ಅನ್ನುವುದಕ್ಕಿಂತ, ಹಿಂದಿನ ದಿನವೇ ಮಾಡಿ ಇಡಲೇಬೇಕು. ಅವತ್ತೇ ಮಾಡಿ ಅವತ್ತೇ ಬಡಿಸಿದರೆ ಅದಕ್ಕೆ ರುಚಿಯೇ ಬರುವುದಿಲ್ಲ.

ಇದು ಅಮೆರಿಕದ ದಕ್ಷಿಣ ಕರಾವಳಿಯ ಅಡುಗೆ. ಸೌತ್ ಕ್ಯಾರೊಲಿನಾ, ಜಾರ್ಜಿಯಾ ಕಡೆ, ಅದರಲ್ಲೂ ಚಾರ್ಲ್ಸ್‌ಟನ್, ಸವಾನಾ ಊರುಗಳಲ್ಲಿ ಪಾರ್ಟಿ ಮೇಜಿನ ಮೇಲೆ ದೊಡ್ಡ ಗಾಜಿನ ಬಟ್ಟಲಲ್ಲಿ ತಣ್ಣಗೆ ಕೂತಿರುತ್ತದೆ. ಬೇಯಿಸಿದ ಸಿಗಡಿ, ತೆಳ್ಳಗೆ ಹೆಚ್ಚಿದ ಈರುಳ್ಳಿ, ನಿಂಬೆ ಬಿಲ್ಲೆ, ಪಲಾವ್ ಎಲೆ, ಮೇಲೆ ವಿನೆಗರ್ ಮತ್ತು ಎಣ್ಣೆ, ಅಷ್ಟೇ. ಹೆಸರು ಕೇಳಿ ವರ್ಷಗಟ್ಟಲೆ ಇಡುವ ಉಪ್ಪಿನಕಾಯಿ ಅಂದುಕೊಳ್ಳಬೇಡಿ. ಇದು ಫ್ರಿಜ್ಜಿನಲ್ಲಿ ಮಾತ್ರ ಇರಬೇಕು, ಮೂರು ನಾಲ್ಕು ದಿನದೊಳಗೆ ಮುಗಿಯಬೇಕು.

ಮೊದಲು ಸಿಗಡಿ ವಿಷಯ. ಸಿಪ್ಪೆ ಬಿಡಿಸಿದ ಮೇಲೆ ಒಂದು ಕಿಲೋ ಇದ್ದರೆ ಹತ್ತು ಹನ್ನೆರಡು ಜನಕ್ಕೆ ಸಾಕು, ಕಿಲೋಗೆ 50ರಿಂದ 60 ಬರುವ ಗಾತ್ರ ಸರಿಯಾಗುತ್ತದೆ. ಅದಕ್ಕಿಂತ ಚಿಕ್ಕದು ವಿನೆಗರಿನಲ್ಲಿ ಬೇಗ ಗಟ್ಟಿಯಾಗುತ್ತದೆ, ತೀರಾ ದೊಡ್ಡದಾದರೆ ಒಂದೇ ತುತ್ತಿಗೆ ಬಾಯಿಗೆ ಹಿಡಿಯುವುದಿಲ್ಲ. ತಲೆ, ಸಿಪ್ಪೆ ಸಮೇತ ಕೊಳ್ಳುವುದಾದರೆ ಹೆಚ್ಚುಕಡಿಮೆ ಎರಡರಷ್ಟು ತೂಕ ತನ್ನಿ. ಫ್ರೋಜನ್ ಸಿಗಡಿ ಆದರೂ ಪರವಾಗಿಲ್ಲ, ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟು ನಿಧಾನಕ್ಕೆ ಕರಗಲು ಬಿಡಿ. ಪ್ಯಾಕೆಟ್ ಹಿಂದೆ ಏನು ಬರೆದಿದೆ ಅಂತ ಮಾತ್ರ ಓದಿ. ಸಿಗಡಿ, ಉಪ್ಪು ಬಿಟ್ಟು ಬೇರೆ ಫಾಸ್ಫೇಟ್ ಗೀಸ್ಫೇಟ್ ಇದ್ದರೆ ನಾನು ಕೊಳ್ಳುವುದಿಲ್ಲ, ಅಂಥದ್ದು ನೀರು ಹಿಡಿದಿಟ್ಟುಕೊಂಡು ಸ್ಪಂಜಿನ ಹಾಗೆ ಆಗುತ್ತದೆ. ಅಮೋನಿಯಾ ವಾಸನೆ ಬಂದರೆ ಯೋಚನೆಯೇ ಬೇಡ, ಬಿಸಾಡಿ. ಬಾಲ ಬಿಟ್ಟು ಉಳಿದ ಸಿಪ್ಪೆ ತೆಗೆಯಿರಿ, ಬಾಲ ಇದ್ದರೆ ಹಿಡಿದು ತಿನ್ನಲು ಸುಲಭ. ಬೆನ್ನಿನ ಮೇಲೆ ಚೂರಿ ತುದಿಯಿಂದ ಸಣ್ಣಗೆ ಗೀರಿ ಆ ಕಪ್ಪು ನಾರು ಎಳೆದುಬಿಡಿ. ಅದು ಸಿಗಡಿಯ ಕರುಳು. ಸೀಳು ಆಳವಾಗದಿರಲಿ.

ಈಗ ಬೇಯಿಸುವುದು. ಇಡೀ ಅಡುಗೆ ನಿಂತಿರುವುದು ಈ ಎರಡು ನಿಮಿಷದ ಮೇಲೆ, ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ. ನಾನು ಮೊದಲ ಸಲ ಮಾಡಿದಾಗ ಹೇಗೂ ವಿನೆಗರಿನಲ್ಲಿ ನೆನೆಯುತ್ತದಲ್ಲ, ಮೆತ್ತಗಾಗುತ್ತದೆ ಅಂದುಕೊಂಡು ಐದು ನಿಮಿಷ ಕುದಿಸಿಬಿಟ್ಟಿದ್ದೆ. ಮಾರನೇ ದಿನ ತೆಗೆದು ನೋಡಿದರೆ ರಬ್ಬರಿನ ಹಾಗೆ ಎಳೆಯುತ್ತಿತ್ತು. ಜಾಸ್ತಿ ಬೆಂದ ಸಿಗಡಿಯನ್ನು ವಿನೆಗರ್ ಮೆತ್ತಗೆ ಮಾಡುವುದಿಲ್ಲ, ಇನ್ನೂ ಬಿಗಿ ಮಾಡುತ್ತದೆ. ಹಾಗಂತ ಹಸಿಯಾಗಿ ಹಾಕುವ ಹಾಗೂ ಇಲ್ಲ. ಹುಳಿಯಲ್ಲಿ ನೆನೆಸಿದರೆ ಸಿಗಡಿ ಬಿಳಿಯಾಗಿ, ಬೆಂದ ಹಾಗೆ ಕಾಣುತ್ತದೆ ನಿಜ, ಆದರೆ ಅದರಲ್ಲಿರುವ ಕೆಟ್ಟ ಬ್ಯಾಕ್ಟೀರಿಯಾ ಸಾಯುತ್ತವೆ ಅಂತ ನಂಬುವ ಹಾಗಿಲ್ಲ. ಅದಕ್ಕೆ ಬಿಸಿಯೇ ಬೇಕು.

ಮೂರು ಲೀಟರ್ ನೀರಿಗೆ ಮೂರು ದೊಡ್ಡ ಚಮಚ ಉಪ್ಪು, ಎರಡು ಪಲಾವ್ ಎಲೆ, ಹತ್ತು ಕಾಳುಮೆಣಸು, ಅರ್ಧ ನಿಂಬೆಹಣ್ಣು ಹಾಕಿ ಐದು ನಿಮಿಷ ಚೆನ್ನಾಗಿ ಕುದಿಸಿ. ಪಕ್ಕದಲ್ಲಿ ದೊಡ್ಡ ಪಾತ್ರೆಯಲ್ಲಿ ಐಸ್ ನೀರು ರೆಡಿ ಇರಲಿ, ಆಮೇಲೆ ಹುಡುಕುತ್ತಾ ಹೋದರೆ ಅಷ್ಟರಲ್ಲಿ ಬೆಂದು ಹೋಗಿರುತ್ತದೆ. ಈಗ ಉರಿ ಸಣ್ಣ ಮಾಡಿ ಅರ್ಧ ಕಿಲೋ ಸಿಗಡಿ ಹಾಕಿ. ಒಂದು ಕಿಲೋವನ್ನೂ ಒಟ್ಟಿಗೆ ಸುರಿದರೆ ನೀರು ಒಮ್ಮೆಲೇ ತಣ್ಣಗಾಗಿ, ಕೆಲವು ಬೆಂದು ಕೆಲವು ಹಸಿ ಉಳಿಯುತ್ತವೆ. ಸುಮಾರು ಎರಡು ನಿಮಿಷ ಸಾಕು, ಆದರೆ ಗಡಿಯಾರಕ್ಕಿಂತ ಕಣ್ಣನ್ನು ನಂಬಿ. ಬೂದು ಬಣ್ಣ ಹೋಗಿ ನಸುಗೆಂಪು ಬರುತ್ತದೆ. ಆ ಕೆಂಪು ಅಸ್ಟಾಕ್ಸಾಂಥಿನ್ ಅನ್ನುವ ಬಣ್ಣ, ಹಸಿ ಸಿಗಡಿಯಲ್ಲಿ ಒಂದು ಪ್ರೋಟೀನಿಗೆ ಅಂಟಿಕೊಂಡು ಅಡಗಿರುತ್ತದೆ, ಬಿಸಿ ತಾಗಿದಾಗ ಬಿಟ್ಟುಕೊಂಡು ಹೊರಗೆ ಕಾಣುತ್ತದೆ. ಅದೊಂದನ್ನೇ ನೋಡಿ ತೆಗೆಯಬೇಡಿ. ಒಂದನ್ನು ಎತ್ತಿ ಬೆನ್ನಿನ ಸೀಳು ಬಿಡಿಸಿ ನೋಡಿ, ತಲೆ ಇದ್ದ ಕಡೆಯ ದಪ್ಪ ಭಾಗ ಕೊನೆಗೆ ಬೇಯುವುದು. ಅಲ್ಲಿ ಗಾಜಿನ ಹಾಗಿದ್ದದ್ದು ಪೂರ್ತಿ ಬಿಳಿಯಾಗಿದ್ದರೆ ಆಯಿತು. ಸಿಗಡಿ ಕುಡುಗೋಲಿನಷ್ಟು ಬಾಗಿದ್ದರೆ ಸರಿಯಾಗಿದೆ, ಬಳೆಯ ಹಾಗೆ ಸುತ್ತಿಕೊಂಡು ತಲೆ ಬಾಲ ಕೂಡಿಕೊಂಡರೆ ಜಾಸ್ತಿಯಾಯಿತು ಅಂತ ಲೆಕ್ಕ. ಥರ್ಮಾಮೀಟರ್ ಇದ್ದರೆ ಒಳಗೆ 63 ಡಿಗ್ರಿ ಸೆಲ್ಸಿಯಸ್ ಬರಬೇಕು.

ತಕ್ಷಣ ಜಾಲರಿ ಸೌಟಿನಿಂದ ಎತ್ತಿ ಐಸ್ ನೀರಿಗೆ ಹಾಕಿ. ಐದು ನಿಮಿಷ ಬಿಟ್ಟು ಸೋಸಿ, ಜಾಸ್ತಿ ಹೊತ್ತು ಬಿಟ್ಟರೆ ಉಪ್ಪು ರುಚಿ ನೀರಿಗೆ ಹೋಗುತ್ತದೆ. ಆಮೇಲೆ ಒಣ ಬಟ್ಟೆ ಮೇಲೆ ಹರಡಿ ಚೆನ್ನಾಗಿ ಒತ್ತಿ ಒರೆಸಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಒಂದು ಕಿಲೋ ಸಿಗಡಿ ಎಷ್ಟು ನೀರು ಹೊತ್ತುಕೊಂಡು ಬರುತ್ತದೆ ಅಂದರೆ, ಒರೆಸದೆ ಜಾರಿಗೆ ಹಾಕಿದರೆ ವಿನೆಗರ್ ಸಪ್ಪೆಯಾಗಿ ಹೋಗುತ್ತದೆ.

ನೆನೆಸುವ ರಸಕ್ಕೆ ಒಂದು ಕಪ್ ವಿನೆಗರ್ ಬೇಕು, ಅಂದರೆ 240 ಎಂಎಲ್. ಬಾಟಲಿ ಮೇಲೆ 5 ಪರ್ಸೆಂಟ್ ಆಸಿಡಿಟಿ ಅಂತ ಇರಲಿ, ಸೇಬಿನ ವಿನೆಗರ್ ಆದರೆ ಹುಳಿ ಸ್ವಲ್ಪ ಮೃದು. ಒಂದೊಂದು ಚಿಕ್ಕ ಚಮಚ ಸಾಸಿವೆ, ಸೆಲರಿ ಬೀಜ, ಕೊತ್ತಂಬರಿ ಬೀಜ, ಜಜ್ಜಿದ ಕಾಳುಮೆಣಸು, ಅರ್ಧ ಚಮಚ ಚಿಲ್ಲಿ ಫ್ಲೇಕ್ಸ್, ಒಂದೂವರೆ ಚಮಚ ಉಪ್ಪು, ಎರಡು ಚಮಚ ಸಕ್ಕರೆ, ಆರು ಪಲಾವ್ ಎಲೆ. ಇವನ್ನೆಲ್ಲ ವಿನೆಗರಿಗೆ ಹಾಕಿ ಬೆಚ್ಚಗೆ ಮಾಡಿ, ಮಸಾಲೆ ಘಮ ಬಿಡುತ್ತದೆ, ಸಕ್ಕರೆಯೂ ಕರಗುತ್ತದೆ. ಪೂರ್ತಿ ತಣ್ಣಗಾದ ಮೇಲೆ ಕಾಲು ಕಪ್ ನಿಂಬೆರಸ, ಮುಕ್ಕಾಲು ಕಪ್ ಎಣ್ಣೆ ಸೇರಿಸಿ. ಬಿಸಿ ರಸ ಸುರಿದರೆ ಅಷ್ಟು ಜೋಪಾನ ಮಾಡಿದ ಸಿಗಡಿ ಮತ್ತೆ ಬೇಯುತ್ತದೆ. ಆಲಿವ್ ಎಣ್ಣೆಗೆ ರುಚಿ ಚೆನ್ನಾಗಿರುತ್ತದೆ, ಆದರೆ ಫ್ರಿಜ್ಜಿನಲ್ಲಿ ಗಟ್ಟಿಯಾಗಿ ಬೆಣ್ಣೆ ಚೂರಿನ ಹಾಗೆ ಅಂಟಿಕೊಳ್ಳುತ್ತದೆ. ಅದಕ್ಕೆ ನಾನು ಅರ್ಧ ಆಲಿವ್, ಅರ್ಧ ಸೂರ್ಯಕಾಂತಿ ಎಣ್ಣೆ ಹಾಕುತ್ತೇನೆ.

ಎರಡು ಮಧ್ಯಮ ಗಾತ್ರದ ಈರುಳ್ಳಿಯನ್ನು ಆದಷ್ಟು ತೆಳ್ಳಗೆ ಹೆಚ್ಚಿ ಹತ್ತು ನಿಮಿಷ ತಣ್ಣೀರಲ್ಲಿ ಹಾಕಿಟ್ಟು ಹಿಂಡಿ, ಘಾಟು ಕಡಿಮೆಯಾಗುತ್ತದೆ. ಒಂದು ನಿಂಬೆಹಣ್ಣು ಬಿಲ್ಲೆ ಬಿಲ್ಲೆ, ಬೀಜ ತೆಗೆದು, ಯಾಕಂದರೆ ಬೀಜ ಕಹಿ ಬಿಡುತ್ತದೆ. ನಾಲ್ಕು ಎಸಳು ಬೆಳ್ಳುಳ್ಳಿ ಸಣ್ಣ ಹೋಳು, ಎರಡು ದೊಡ್ಡ ಚಮಚ ಕೇಪರ್ಸ್, ಅಂದರೆ ಬಾಟಲಿಯಲ್ಲಿ ಸಿಗುವ, ಉಪ್ಪು ಹುಳಿ ಹಿಡಿಸಿದ ಪುಟ್ಟ ಹೂಮೊಗ್ಗುಗಳು. ಬೆಳ್ಳುಳ್ಳಿ ವಿನೆಗರಿನಲ್ಲಿ ಕೆಲವೊಮ್ಮೆ ನೀಲಿ ಹಸಿರು ತಿರುಗುತ್ತದೆ, ಹೆದರಬೇಡಿ, ಅದರಲ್ಲಿರುವ ಗಂಧಕದ ಅಂಶ ಹುಳಿಗೆ ಹಾಗಾಗುತ್ತದೆ, ತಿಂದರೆ ಏನೂ ತೊಂದರೆ ಇಲ್ಲ.

ಎರಡು ಲೀಟರಿನ ಅಗಲ ಬಾಯಿಯ ಗಾಜಿನ ಜಾರ್ ತೆಗೆದುಕೊಳ್ಳಿ. ಸ್ಟೀಲ್ ಡಬ್ಬಿಯೂ ಆಗುತ್ತದೆ, ಅಲ್ಯೂಮಿನಿಯಂ ಮಾತ್ರ ಬೇಡ, ಹುಳಿ ತಾಗಿ ಲೋಹದ ರುಚಿ ಬರುತ್ತದೆ. ಒಂದು ಪದರ ಸಿಗಡಿ, ಅದರ ಮೇಲೆ ಈರುಳ್ಳಿ, ಒಂದೆರಡು ನಿಂಬೆ ಬಿಲ್ಲೆ, ಸ್ವಲ್ಪ ಬೆಳ್ಳುಳ್ಳಿ ಕೇಪರ್ಸ್, ಮತ್ತೆ ಸಿಗಡಿ, ಹೀಗೇ ಮೇಲಿನವರೆಗೆ. ಪಲಾವ್ ಎಲೆಗಳನ್ನು ಗಾಜಿಗೆ ಒತ್ತಿ ನಿಲ್ಲಿಸಿ, ನಸುಗೆಂಪು ಸಿಗಡಿ ನಡುವೆ ಆ ಎಲೆ, ಹಳದಿ ಬಿಲ್ಲೆ ಹೊರಗಿನಿಂದ ಕಾಣುವಾಗ ಎಷ್ಟು ಚೆನ್ನಾಗಿರುತ್ತದೆ ಅಂದರೆ ಜಾರನ್ನೇ ಮೇಜಿನ ಮೇಲಿಡೋಣ ಅನ್ನಿಸುತ್ತದೆ. ರಸ ಸುರಿದು, ಎಲ್ಲ ಮುಳುಗುವ ಹಾಗೆ ಚಮಚದಿಂದ ಮೆಲ್ಲಗೆ ಒತ್ತಿ ಮುಚ್ಚಳ ಹಾಕಿ. ಎಣ್ಣೆ ಮೇಲೆ, ವಿನೆಗರ್ ಕೆಳಗೆ ನಿಲ್ಲುವುದರಿಂದ ಮಧ್ಯೆ ಎರಡು ಮೂರು ಸಲ ಜಾರನ್ನು ತಲೆಕೆಳಗು ಮಾಡಿ ತಿರುಗಿಸಿ. ಫ್ರಿಜ್ 4 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿರಲಿ.

ಎಷ್ಟು ಹೊತ್ತು? ನಾಲ್ಕು ಗಂಟೆಗೆ ತಿಂದರೆ ಸಿಗಡಿ ಬೇರೆ, ಹುಳಿ ಬೇರೆ ಅನ್ನಿಸುತ್ತದೆ. 24 ಗಂಟೆಗೆ ಎರಡೂ ಒಂದಾಗಿರುತ್ತವೆ, ಈರುಳ್ಳಿಯೂ ಬಾಗುವಷ್ಟು ಮೆತ್ತಗಾಗಿ ಸಿಹಿ ಬಿಟ್ಟಿರುತ್ತದೆ. 48 ಗಂಟೆವರೆಗೂ ಒಳ್ಳೆಯದೇ. ಅದಾದ ಮೇಲೆ ತಕ್ಷಣ ಕೆಡುವುದಿಲ್ಲ, ಆದರೆ ಮಾಂಸ ಸುಣ್ಣದ ಪುಡಿಯ ಹಾಗೆ ಒಣ ಅನ್ನಿಸತೊಡಗುತ್ತದೆ. ಶನಿವಾರ ಸಂಜೆ ಪಾರ್ಟಿ ಇದ್ದರೆ ಗುರುವಾರ ರಾತ್ರಿ ಸಿಗಡಿ ಕರಗಲು ಇಡಿ, ಶುಕ್ರವಾರ ಸಂಜೆ ಬೇಯಿಸಿ ಜಾರಿಗೆ ಹಾಕಿ. ಶನಿವಾರ ನಿಮಗೆ ಕೆಲಸವೇ ಇಲ್ಲ.

ಬಡಿಸುವ ಇಪ್ಪತ್ತು ನಿಮಿಷ ಮೊದಲು ಹೊರಗೆ ತೆಗೆಯಿರಿ, ಎಣ್ಣೆ ಕರಗುತ್ತದೆ. ತೂತಿನ ಸೌಟಿನಿಂದ ಎತ್ತಿ ರಸ ಇಳಿಯಲು ಬಿಟ್ಟು, ಐಸ್ ತುಂಬಿದ ದೊಡ್ಡ ಬಟ್ಟಲೊಳಗೆ ಚಿಕ್ಕ ಬಟ್ಟಲಿಟ್ಟು ಅದರಲ್ಲಿ ಹಾಕಿ. ಹೆಚ್ಚಿದ ಸಬ್ಬಸಿಗೆ ಸೊಪ್ಪು ಸ್ವಲ್ಪ ಉದುರಿಸಿ. ಟೂತ್‌ಪಿಕ್, ಕ್ರ್ಯಾಕರ್ ಅಥವಾ ಸುಟ್ಟ ಬ್ರೆಡ್ ಚೂರು, ಜೊತೆಗೆ ಬಾಲ ಹಾಕಲು ಒಂದು ಖಾಲಿ ಬಟ್ಟಲು. ಆ ಖಾಲಿ ಬಟ್ಟಲು ಮರೆತರೆ ಬಾಲಗಳು ಮನೆ ತುಂಬಾ ಸಿಗುತ್ತವೆ. ಎಲ್ಲವನ್ನೂ ಒಟ್ಟಿಗೆ ಇಡಬೇಡಿ, ಅರ್ಧ ಇಟ್ಟು ಅರ್ಧ ಫ್ರಿಜ್ಜಿನಲ್ಲೇ ಇರಲಿ. ಐಸ್ ಇಲ್ಲದೆ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇದ್ದದ್ದನ್ನು ತಿನ್ನಬಾರದು, ಸೆಕೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಮರೆಯಬೇಡಿ. ಸಿಗಡಿ ಅಲರ್ಜಿ ಇರುವವರಿಗೆ ಒಂದು ತುಣುಕೂ ಅಪಾಯ. ಸಾಸಿವೆ, ಸೆಲರಿ ಆಗದವರೂ ಇರುತ್ತಾರೆ. ಕರೆಯುವಾಗಲೇ ಕೇಳಿಬಿಡಿ, ಬಟ್ಟಲ ಪಕ್ಕ ಒಂದು ಚೀಟಿ ಇಡಿ, ಅದರ ಟೂತ್‌ಪಿಕ್, ಸೌಟು ಬೇರೆ ತಿಂಡಿಗೆ ತಾಗದಿರಲಿ.

ಮೇಜಿಗೆ ಬಂದದ್ದನ್ನು ಮತ್ತೆ ಜಾರಿಗೆ ಸುರಿಯಬೇಡಿ, ಹಳೇ ರಸದಲ್ಲಿ ಹೊಸ ಸಿಗಡಿ ನೆನೆಸಬೇಡಿ. ಜಾರಿನಲ್ಲೇ ಉಳಿದಿದ್ದರೆ ಮಾರನೇ ದಿನ ಈರುಳ್ಳಿ ಸಮೇತ ಎತ್ತಿ, ಬೇಯಿಸಿದ ಆಲೂಗಡ್ಡೆ ಹೋಳಿಗೆ ಕಲಸಿ, ಮೇಲೆ ಅದರದೇ ರಸ ಎರಡು ಚಮಚ ಹಾಕಿ ತಿನ್ನಿ. ನಮ್ಮ ಮನೆಯಲ್ಲಿ ಅದಕ್ಕೋಸ್ಕರವೇ ಒಂದಿಷ್ಟು ಎತ್ತಿಡುತ್ತೇವೆ.