ಸ್ಪೋರ್ಟ್ಸ್ ಕಾರಿಗೆ ಟರ್ಬೊ ಕಟ್ಟುವುದು: ಬಿಸಿಯ ಲೆಕ್ಕದಿಂದ ಶುರು ಮಾಡಿ

ಕಾರಿಗೆ ಟರ್ಬೊ ಹಾಕಿಸಬೇಕು ಅಂತ ಹೊರಟವರು ಮೊದಲು ಕೇಳೋದು ಎಷ್ಟು ಹಾರ್ಸ್‌ಪವರ್ ಬರುತ್ತೆ ಅಂತ. ಆ ಪ್ರಶ್ನೆ ಆಮೇಲೆ ನೋಡೋಣ. ಟರ್ಬೊ ಅಂದ್ರೆ ಎಂಜಿನ್ನಿನ ಹೊಗೆಯ ರಭಸಕ್ಕೆ ತಿರುಗುತ್ತಾ, ಕಂಪ್ರೆಸರ್ ಅನ್ನೋ ಚಕ್ರದಿಂದ ಎಂಜಿನ್ನಿಗೆ ಜಾಸ್ತಿ ಗಾಳಿ ಒತ್ತಿ ತುಂಬುವ ಯಂತ್ರ. ಟರ್ಬೊ ಹಾಕಿದ ಎಂಜಿನ್ ಹೆಚ್ಚಾಗಿ ಕೆಡೋದು ಬಿಸಿಯಿಂದ. ಒಳಗೆ ಹೋಗುವ ಗಾಳಿಯ ಬಿಸಿ, ಆಯಿಲ್‌ನ ಬಿಸಿ, ಸಿಲಿಂಡರಿನೊಳಗೆ ಇಂಧನ ಉರಿಯುವಾಗಿನ ಬಿಸಿ. ಈ ಮೂರನ್ನೂ ಎಲ್ಲಿಗೆ ಸಾಗಿಸಬೇಕು ಅಂತ ಕಾಗದದ ಮೇಲೆ ಬರೆದುಕೊಂಡರೆ, ಉಳಿದ ಕೆಲಸಕ್ಕೆ ಬೆಳಗಾವಿಯಲ್ಲಿ ಯಾವುದಕ್ಕೂ ಕೊರತೆ ಇಲ್ಲ. ಉದ್ಯಮಬಾಗ ಕೈಗಾರಿಕಾ ಪ್ರದೇಶದಲ್ಲಿ ಫೌಂಡ್ರಿ ಇದೆ, ಲೇತ್ ಇದೆ, ಸರ್ಫೇಸ್ ಗ್ರೈಂಡರ್ ಇದೆ, ಚೆನ್ನಾಗಿ ಟಿಗ್ ವೆಲ್ಡಿಂಗ್ ಮಾಡುವ ಕೈಗಳಿವೆ.

ಕಾನೂನಿನ ಮಾತು ಮೊದಲೇ ಹೇಳಿಬಿಡ್ತೀನಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರ ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಹಾಗಾಗಿ ಇಲ್ಲಿ ಬರೆದದ್ದೆಲ್ಲ ಟ್ರ್ಯಾಕ್ ಮೇಲೆ ಮಾತ್ರ ಓಡುವ, ಟ್ರೇಲರ್ ಮೇಲೆ ಸಾಗಿಸುವ ಕಾರಿನ ವಿಷಯ. ಕೊಯಮತ್ತೂರಿನ ಕರಿ ಸ್ಪೀಡ್‌ವೇ ನಮಗೆ ದೂರ, ನಿಜ. ಆದರೂ ಗೋವಾ ದಾರಿಯ ಚೋರ್ಲಾ ಘಾಟಿನಲ್ಲಿ ಬೂಸ್ಟ್ (ಟರ್ಬೊ ಸೇರಿಸುವ ಹೆಚ್ಚುವರಿ ಗಾಳಿ ಒತ್ತಡ) ಪರೀಕ್ಷೆ ಬೇಡವೇ ಬೇಡ. ಆ ತಿರುವುಗಳಲ್ಲಿ ಎದುರಿಗೆ ಬರುವ ಗಾಡಿಯಲ್ಲಿ ಮಕ್ಕಳು ಮರಿ ಇರುತ್ತಾರೆ.

ಈಗ ಎಂಜಿನ್. ಲೆಕ್ಕಕ್ಕೆ 1.6 ಲೀಟರಿನ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಇಟ್ಟುಕೊಳ್ಳೋಣ. ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5ರಲ್ಲಿ ಇದ್ದದ್ದು ಇಷ್ಟೇ ದೊಡ್ಡದು, ಕಂಪ್ರೆಷನ್ (ಪಿಸ್ಟನ್ ಗಾಳಿಯನ್ನು ಎಷ್ಟು ಪಟ್ಟು ಹಿಂಡುತ್ತೆ ಅನ್ನೋ ಅಂಕಿ) 9.4. ಟರ್ಬೊಗೆ ಒಗ್ಗುವ ಅಂಕಿ ಅದು. ನಿಮ್ಮ ಎಂಜಿನ್ 10.5 ಅಥವಾ ಅದಕ್ಕೂ ಜಾಸ್ತಿ ಇದ್ದರೆ ಬೂಸ್ಟ್ ಇನ್ನೂ ಕಡಿಮೆ ಇಡಬೇಕು. ಯಾವುದೇ ಇರಲಿ, ಒಂದು ಭಾಗವನ್ನೂ ಕೊಳ್ಳುವ ಮೊದಲು ಎಂಜಿನ್ ಬಿಸಿ ಇರುವಾಗಲೇ ಪ್ಲಗ್ ಎಲ್ಲ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಷನ್ ಟೆಸ್ಟ್ ಮಾಡಿಸಿ. ಸಿಲಿಂಡರುಗಳ ನಡುವೆ 10%ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಲೀಕ್‌ಡೌನ್ ಟೆಸ್ಟ್ (ಸಿಲಿಂಡರಿಗೆ ಗಾಳಿ ತುಂಬಿ ಎಲ್ಲಿ ಸೋರುತ್ತೆ ಅಂತ ನೋಡೋದು) ಕೂಡ ಬೇಕು. ಆಯಿಲ್ ಹಾಕುವ ಬಾಯಿಂದ ಗಾಳಿ ಬುಸ್ಸೆಂದರೆ ರಿಂಗ್ ಹೋಗಿದೆ, ಸೈಲೆನ್ಸರ್ ಕಡೆಯಿಂದ ಬಂದರೆ ಎಕ್ಸಾಸ್ಟ್ ವಾಲ್ವ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ಇಂಥ ಎಂಜಿನ್ನಿಗೆ ಟರ್ಬೊ ಹಾಕೋದು ದುಡ್ಡು ಸುಟ್ಟ ಹಾಗೆ, ಮೊದಲು ಎಂಜಿನ್ ರಿಪೇರಿ ಮಾಡಿಸಿ.

ಬೂಸ್ಟ್ ಎಷ್ಟು? ಒಳಗಿನ ಪಿಸ್ಟನ್, ರಾಡ್ ಬದಲಿಸದೇ ಇದ್ದರೆ 0.5 ಬಾರ್‌ಗೆ ನಿಲ್ಲಿ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ, ಇಲ್ಲಿ ಗಾಳಿಯ ಒತ್ತಡವೇ ಸುಮಾರು 0.92 ಬಾರ್. ಅದೇ 0.5 ಬಾರ್ ಬೂಸ್ಟ್‌ಗೆ ಗೋವಾದ ದಂಡೆಯಲ್ಲಿ ಟರ್ಬೊ ಗಾಳಿಯನ್ನು 1.49 ಪಟ್ಟು ಒತ್ತಿದರೆ ಸಾಕು, ಇಲ್ಲಿ 1.54 ಪಟ್ಟು ಒತ್ತಬೇಕು. 1.6 ಲೀಟರ್ ಎಂಜಿನ್ 6,500 ಆರ್‌ಪಿಎಂನಲ್ಲಿ, ಎರಡು ಸುತ್ತಿಗೊಮ್ಮೆ ಗಾಳಿ ಎಳೆಯುವ ಲೆಕ್ಕದಲ್ಲಿ, ನಿಮಿಷಕ್ಕೆ 5,200 ಲೀಟರ್ ನುಂಗುತ್ತೆ. 90% ತುಂಬುತ್ತೆ, ಗಾಳಿ 50 ಡಿಗ್ರಿಗೆ ತಣಿದಿದೆ ಅಂತ ಹಿಡಿದರೆ ತೂಕದಲ್ಲಿ ಅದು ನಿಮಿಷಕ್ಕೆ 7.2 ಕೆಜಿ, ಅಂದ್ರೆ 16 ಪೌಂಡ್ ಹತ್ತಿರ. ಪೌಂಡಿಗೆ ಅಂದಾಜು 10 ಹಾರ್ಸ್‌ಪವರ್. ಅಲ್ಲಿಗೆ 150ರಿಂದ 160. ಟರ್ಬೊದ ಕಂಪ್ರೆಸರ್ ಮ್ಯಾಪ್ (ಗಾಳಿಯ ತೂಕ, ಒತ್ತುವ ಪಟ್ಟು ಎರಡನ್ನೂ ತೋರಿಸುವ ನಕ್ಷೆ) ತೆಗೆದು 16 ಪೌಂಡ್ ಮತ್ತು 1.54 ಕೂಡುವ ಜಾಗ ನೋಡಿ. ಅದು ಎಡಗಡೆಯ ಸರ್ಜ್ ಗೆರೆಗೆ (ಅದರಾಚೆ ಗಾಳಿ ಹಿಂದಕ್ಕೆ ಬಡಿಯುತ್ತೆ) ಅಂಟಿಕೊಂಡಿದ್ದರೆ ಟರ್ಬೊ ದೊಡ್ಡದಾಯಿತು. ಮಿತ್ಸುಬಿಷಿಯ ಟಿಡಿ04, ಗ್ಯಾರೆಟ್‌ನ ಜಿಟಿ25 ಬಳಗದ ಚಿಕ್ಕವು ಈ ಅಳತೆಗೆ ಹೊಂದುತ್ತವೆ. ಹಳೇ ಟರ್ಬೊ ಕೊಳ್ಳುವುದಾದರೆ ಶಾಫ್ಟ್ ಹಿಡಿದು ಹಿಂದೆ ಮುಂದೆ ಎಳೆದು ನೋಡಿ, ಬೆರಳಿಗೆ ಗೊತ್ತಾಗುವಷ್ಟು ಸರಿದರೆ ಬಿಡಿ. ವೇಸ್ಟ್‌ಗೇಟಿನ (ಬೂಸ್ಟ್ ಮಿತಿ ಮೀರದಂತೆ ಹೊಗೆಯನ್ನು ಟರ್ಬೊ ತಪ್ಪಿಸಿ ಬಿಡುವ ಬಾಗಿಲು) ಸ್ಪ್ರಿಂಗ್ 0.5 ಬಾರ್‌ದೇ ಇರಲಿ, ಅದಕ್ಕಿಂತ ಗಟ್ಟಿ ಸ್ಪ್ರಿಂಗ್ ಹಾಕಿದರೆ ಆಮೇಲೆ ಯಾವ ಕಂಪ್ಯೂಟರ್ ಕೂಡ ಬೂಸ್ಟ್ ಇಳಿಸಲಾರದು.

ಮ್ಯಾನಿಫೋಲ್ಡ್, ಅಂದ್ರೆ ಎಂಜಿನ್ನಿನ ಹೊಗೆಯನ್ನು ಟರ್ಬೊಗೆ ಒಯ್ಯುವ ಕವಲು ಪೈಪಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಊರಲ್ಲೇ ಫೌಂಡ್ರಿ ಇದೆಯಲ್ಲ, ಎರಕ ಹೊಯ್ಯಿಸಿಬಿಡೋಣ ಅಂತ ಆಸೆ ಆಗುತ್ತೆ. ಸಿಲಿಕಾನ್, ಮಾಲಿಬ್ಡಿನಂ ಸೇರಿಸಿದ ಎಸ್‌ಜಿ ಐರನ್ (ಸುಲಭಕ್ಕೆ ಒಡೆಯದ ಎರಕದ ಕಬ್ಬಿಣ) ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು, ಕಂಪನಿಗಳೂ ಅದನ್ನೇ ಬಳಸುತ್ತವೆ. ಆದರೆ ಒಂದೇ ಒಂದು ಪೀಸಿಗೆ ಪ್ಯಾಟರ್ನ್, ಕೋರ್ ಬಾಕ್ಸ್ ಅನ್ನೋ ಅಚ್ಚುಗಳನ್ನು ಮಾಡಿಸುವ ಖರ್ಚು ಗಿಟ್ಟೋದಿಲ್ಲ. 32 ಎನ್‌ಬಿ (ಪೈಪಿನ ಅಳತೆ) ಸ್ಟೇನ್‌ಲೆಸ್ 304 ಎಲ್ಬೋ ತಂದು ಬೆಸೆಯೋದೇ ಸರಿ. ಹೆಡ್ ಕಡೆಯ ಫ್ಲ್ಯಾಂಜ್ (ಬೋಲ್ಟ್ ಹಾಕಿ ಕೂರಿಸುವ ಚಪ್ಪಟೆ ಪಟ್ಟಿ) 12 ಮಿಮೀ ದಪ್ಪ ಇರಲಿ. ಗುಜರಿಯಿಂದ ಅದೇ ಎಂಜಿನ್ನಿನ ಹಳೇ ಹೆಡ್ ಒಂದನ್ನು ತಂದು, ಫ್ಲ್ಯಾಂಜನ್ನು ಅದಕ್ಕೆ ಬೋಲ್ಟ್ ಹಾಕಿ ಬಿಗಿದು, ಒಂದು ಪೋರ್ಟಿನಿಂದ ದೂರದ ಇನ್ನೊಂದು ಪೋರ್ಟಿಗೆ ಹಾರುತ್ತಾ ಸ್ವಲ್ಪ ಸ್ವಲ್ಪವೇ ಬೆಸೆಸಿ. ಪೂರ್ತಿ ತಣ್ಣಗಾಗುವ ತನಕ ಬೋಲ್ಟ್ ಮುಟ್ಟಬೇಡಿ.

ಬಿಚ್ಚಿದ ಮೇಲೆ ಸರ್ಫೇಸ್ ಪ್ಲೇಟ್ ಮೇಲೆ ಮಕಾಡೆ ಇಟ್ಟು, ಸುತ್ತಲೂ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಎಲೆಗಳು) ತೂರಿಸಿ. ಇಷ್ಟೆಲ್ಲ ಜೋಪಾನ ಮಾಡಿದರೂ ಎರಡು ತುದಿ ಒಂದಿಷ್ಟು ಎದ್ದೇ ಇರುತ್ತವೆ. 0.1 ಮಿಮೀ ಎಲೆ ಸಲೀಸಾಗಿ ಒಳಗೆ ಹೋಯಿತು ಅಂದರೆ ಗ್ರೈಂಡಿಂಗ್ ಬೇಕೇ ಬೇಕು. ಮಿಸ್ತ್ರಿ “ಗ್ಯಾಸ್ಕೆಟ್ ಐತಲ್ರೀ, ಬಿಗಿ ಮಾಡಿದ್ರ ಕುಂದರತೈತಿ” ಅನ್ನಬಹುದು. “ಇಲ್ಲ ಕಾಕಾ, ಒಂದ್ ಸಲ ಗ್ರೈಂಡರ್‌ಗೆ ಹಾಕೋಣ್ರಿ” ಅಂತ ಹಟ ಹಿಡಿಯಿರಿ. ಅಲ್ಲಿ ಹಾಯುವ ಹೊಗೆ 800–900 ಡಿಗ್ರಿ ಇರುತ್ತೆ, ಸಣ್ಣ ಸಂದಿಯಲ್ಲೂ ನುಗ್ಗಿ ಗ್ಯಾಸ್ಕೆಟ್ ಸುಡುತ್ತೆ. ಲೋಹ ಕಾದು ಹಿಗ್ಗುವುದಕ್ಕೆ ತುದಿಯ ಬೋಲ್ಟ್ ತೂತುಗಳನ್ನು ಸ್ವಲ್ಪ ಸಡಿಲ ಇಡಿಸಿ. ಟರ್ಬೊದ ಭಾರ ಪೂರ್ತಿ ಬೆಸುಗೆ ಮೇಲೆ ಬೀಳದಂತೆ ಬ್ಲಾಕ್‌ಗೆ ಒಂದು ಬ್ರಾಕೆಟ್ ಕೊಡಿ. ಹತ್ತಿರ ಹಾದು ಹೋಗುವ ಬ್ರೇಕ್ ಪೈಪು, ವೈರಿಂಗ್‌ಗೆ ತಗಡಿನ ಅಡ್ಡ ಹಾಕಿ.

ಆಯಿಲ್ ಲೈನಿನಲ್ಲಿ ಒಳಗೆ ಬರೋದಕ್ಕಿಂತ ವಾಪಸ್ ಹೋಗೋದು ಮುಖ್ಯ. ಬಾಲ್ ಬೇರಿಂಗ್ ಟರ್ಬೊ ಆದರೆ ಬರುವ ದಾರಿಯಲ್ಲಿ ಸುಮಾರು 1 ಮಿಮೀ ತೂತಿನ ರಿಸ್ಟ್ರಿಕ್ಟರ್ ಬೇಕು. ಜರ್ನಲ್ ಬೇರಿಂಗ್‌ಗೆ (ಗುಂಡುಗಳಿಲ್ಲದೆ ಆಯಿಲ್ ಪದರದ ಮೇಲೆ ತಿರುಗುವಂಥದ್ದು) ಅಷ್ಟು ಸಣ್ಣ ತೂತು ಹಾಕಿದರೆ ಅದು ಒಣಗಿ ಸಾಯುತ್ತೆ. ವಾಪಸ್ ಹೋಗುವ ಪೈಪಿಗೆ ಪಂಪ್ ಇಲ್ಲ, ಆಯಿಲ್ ತಾನಾಗಿ ಇಳಿಯಬೇಕು. ಒಳಗಿನ ಅಳತೆ ಕನಿಷ್ಠ 15 ಮಿಮೀ, ಎಲ್ಲೂ ಮೇಲೆ ಹತ್ತದೆ ನೆಟ್ಟಗೆ ಕೆಳಗಿಳಿದು, ಸಂಪ್‌ನಲ್ಲಿ (ಎಂಜಿನ್ ತಳದ ಆಯಿಲ್ ತೊಟ್ಟಿ) ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ಟರ್ಬೊದಿಂದ ನೀಲಿ ಹೊಗೆ ಬಂದ ಕೂಡಲೇ ಸೀಲ್ ಹೋಯ್ತು ಅಂತಾರೆ. ಎಷ್ಟೋ ಸಲ ಸೀಲ್ ಸರಿಯಾಗೇ ಇರುತ್ತೆ, ಈ ಪೈಪು ಡೊಂಕಾಗಿ ಆಯಿಲ್ ಇಳಿಯದೆ ನಿಂತಿರುತ್ತೆ. ಪಿಸಿವಿ ಲೈನಿಗೆ (ಕ್ರ್ಯಾಂಕ್‌ಕೇಸಿನ ಆವಿಯನ್ನು ಎಂಜಿನ್ನಿನ ಗಾಳಿ ದಾರಿಗೆ ಒಯ್ಯುವ ಪೈಪು) ಒಂದೇ ಕಡೆ ಬಿಡುವ ಚೆಕ್ ವಾಲ್ವ್ ಹಾಕೋದನ್ನೂ ಮರೀಬೇಡಿ, ಇಲ್ಲದಿದ್ದರೆ ಬೂಸ್ಟ್ ಕ್ರ್ಯಾಂಕ್‌ಕೇಸಿಗೆ ನುಗ್ಗುತ್ತೆ.

ಟರ್ಬೊದಿಂದ ಬಂದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಬೇಕಾ ಅಂತ ಕೇಳುವವರು ವಿಜಯಪುರದ ಮೇ ತಿಂಗಳನ್ನು ನೆನೆಸಿಕೊಳ್ಳಿ. 40 ಡಿಗ್ರಿ ಗಾಳಿ ಒಳಗೆ ಹೋದರೆ, ಕಂಪ್ರೆಸರ್ 70% ದಕ್ಷವಾಗಿದ್ದರೂ, ಆಚೆ ಬರುವಾಗ ಅದು 100 ಡಿಗ್ರಿ ಹತ್ತಿರ ಇರುತ್ತೆ. ಅಷ್ಟು ಬಿಸಿ ಗಾಳಿಯನ್ನು ಹಾಗೇ ಎಂಜಿನ್ನಿಗೆ ಕೊಟ್ಟರೆ ನಾಕಿಂಗ್ (ಇಂಧನ ಹೊತ್ತಿಗೆ ಮುಂಚೆ ತಾನಾಗೇ ಸಿಡಿಯೋದು) ಬಾರದೇ ಇರುತ್ತಾ? ಕೂಲರನ್ನು ಬಂಪರಿನ ಬಾಯಲ್ಲಿ ಕೂರಿಸಿ, ಸುತ್ತ ತಗಡು ಕಟ್ಟಿ ಗಾಳಿ ಅದರೊಳಗಿಂದಲೇ ಹಾಯುವ ಹಾಗೆ ಮಾಡಿ. ಧೂಳಿನದ್ದು ಇನ್ನೊಂದು ಕಥೆ. ಬಾಗಲಕೋಟೆ, ವಿಜಯಪುರದ ಎರೆ ಮಣ್ಣಿನ ಧೂಳು ತುಂಬಾ ನುಣ್ಣಗೆ ಇರುತ್ತೆ, ಕಂಪ್ರೆಸರ್ ಚಕ್ರವೋ ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುತ್ತೆ. ಫಿಲ್ಟರ್ ಇಲ್ಲದ ತೆರೆದ ಪೈಪು ನೋಡೋಕೆ ಎಷ್ಟೇ ಚೆನ್ನಾಗಿರಲಿ, ಬಿಟ್ಟುಬಿಡಿ. ಫಿಲ್ಟರನ್ನು ತೀರಾ ಕೆಳಗೂ ಇಡಬೇಡಿ, ಬೆಳಗಾವಿ ಮಳೆಗೆ ನೀರು ಎಳೆದುಕೊಳ್ಳುತ್ತೆ.

ಇಂಧನಕ್ಕೆ ಬಂದರೆ, ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳ ಎಥೆನಾಲ್ ಈಗ ಪೆಟ್ರೋಲಿನಲ್ಲೇ ಇದೆ. ಟರ್ಬೊ ಕಾರಿಗೆ ಇದು ಒಳ್ಳೇದೇ. ಎಥೆನಾಲ್‌ಗೆ ಆಕ್ಟೇನ್ (ನಾಕಿಂಗ್ ತಡೆಯುವ ಗುಣ) ಜಾಸ್ತಿ, ಆವಿಯಾಗುವಾಗ ಗಾಳಿಯನ್ನೂ ತಣಿಸುತ್ತೆ. ಆದರೆ ಇ20ಗೆ (20% ಎಥೆನಾಲ್ ಬೆರೆತ ಪೆಟ್ರೋಲ್) ಗಾಳಿ–ಇಂಧನ ಅನುಪಾತ 14.7 ಅಲ್ಲ, ಸುಮಾರು 13.5. ಅದಕ್ಕೇ ಲ್ಯಾಂಬ್ಡಾ (ಆ ಇಂಧನಕ್ಕೆ ಸರಿಯಾದ ಅನುಪಾತವನ್ನು 1 ಅಂತ ಹಿಡಿಯುವ) ಲೆಕ್ಕದಲ್ಲೇ ಟ್ಯೂನ್ ಮಾಡಿಸಿ, ಬೂಸ್ಟ್‌ನಲ್ಲಿ 0.80ರ ಆಸುಪಾಸು ಇರಲಿ. 160 ಹಾರ್ಸ್‌ಪವರ್‌ಗೆ ನಿಮಿಷಕ್ಕೆ 400 ಸಿಸಿ ಕೊಡುವ ಇಂಜೆಕ್ಟರುಗಳನ್ನು ಕೊಂಡರೆ ನಿರಾಳ. ಹಳೇ ರಬ್ಬರ್ ಪೈಪುಗಳನ್ನು ಎಥೆನಾಲ್ ತಿಂದುಬಿಡುತ್ತೆ, ಬದಲಿಸಿ. ಪ್ಲಗ್ ಒಂದು ಹಂತ ತಣ್ಣನೆಯದು (ಬಿಸಿಯನ್ನು ಬೇಗ ಬಿಡುವಂಥದ್ದು), ಗ್ಯಾಪ್ 0.7 ಮಿಮೀ.

ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಸ್ಟ್ಯಾಂಡ್‌ಅಲೋನ್, ಅಂದ್ರೆ ಕಂಪನಿಯದ್ದರ ಬದಲು ಪೂರ್ತಿ ಬೇರೆಯದೇ ಇರಲಿ, ಜೊತೆಗೆ ಒಳಗೆ ಹೋಗುವ ಗಾಳಿಯ ಒತ್ತಡ ಅಳೆಯುವ 2.5 ಬಾರ್ ಮ್ಯಾಪ್ ಸೆನ್ಸರ್, ಟರ್ಬೊ ದಾಟಿದ ಮೇಲೆ ಲ್ಯಾಂಬ್ಡಾ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್. ಇಗ್ನಿಷನ್ ಟೈಮಿಂಗ್ ಅನ್ನು ಒಂದು ಪಿಎಸ್‌ಐ (ಸುಮಾರು 0.07 ಬಾರ್) ಬೂಸ್ಟ್‌ಗೆ ಒಂದು ಡಿಗ್ರಿಯಂತೆ ಹಿಂದಕ್ಕೆ ತಂದು ಶುರು ಮಾಡಿ. ಟ್ಯೂನಿಂಗ್ ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಪವರ್ ಅಳೆಯುವ ಯಂತ್ರ) ಮೇಲೇ ಆಗಲಿ, ಪುಣೆಯಲ್ಲೋ ಬೆಂಗಳೂರಿನಲ್ಲೋ ಸಿಗುತ್ತೆ. ಟ್ಯೂನರ್ ನಾಕ್ ಕೇಳಿಸಿಕೊಳ್ಳದೆ ಬರೀ ಪವರ್ ಗ್ರಾಫ್ ನೋಡುತ್ತಿದ್ದರೆ ಕಾರು ವಾಪಸ್ ತನ್ನಿ.

ಮೊದಲ ಸ್ಟಾರ್ಟ್‌ಗೆ ಮೊದಲು ಇಂಜೆಕ್ಟರ್ ಕನೆಕ್ಟರ್ ಕಿತ್ತು, ಆಯಿಲ್ ಪ್ರೆಷರ್ ಏರುವ ತನಕ ಸ್ಟಾರ್ಟರ್ ತಿರುಗಿಸಿ, ನಡುನಡುವೆ ಬಿಡುವು ಕೊಡಿ. ಸ್ಟಾರ್ಟ್ ಆದ ಮೇಲೆ ರೇಸ್ ಮಾಡದೆ ಹದಿನೈದು ನಿಮಿಷ ಐಡಲ್‌ನಲ್ಲಿ ಬಿಟ್ಟು, ಟಾರ್ಚ್ ಹಿಡಿದು ಡ್ರೈನ್ ಪೈಪು, ನೀರಿನ ಪೈಪು, ಫ್ಲ್ಯಾಂಜ್ ಒಂದೊಂದನ್ನೇ ನೋಡಿ. ಪೂರ್ತಿ ತಣ್ಣಗಾದ ಮೇಲೆ ಮ್ಯಾನಿಫೋಲ್ಡ್ ನಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಮತ್ತೊಮ್ಮೆ ಬಿಗಿ ಮಾಡಿ. ಡೈನೊದಿಂದ ಬಂದ ಮೇಲೆ ಆಯಿಲ್, ಫಿಲ್ಟರ್ ಎರಡೂ ಬದಲಿಸಿ. ಹಳೇ ಫಿಲ್ಟರನ್ನು ಕೊಯ್ದು ಮಡಿಕೆಗಳನ್ನು ಬಿಡಿಸಿ ಬಿಸಿಲಿಗೆ ಹಿಡಿದು ನೋಡಿ. ಮಿನುಗುವ ಚೂರು ಕಂಡರೆ ಬೇರಿಂಗ್ ತೆಗೆದು ನೋಡುವ ತನಕ ಕಾರು ಮತ್ತೆ ಸ್ಟಾರ್ಟ್ ಮಾಡಬೇಡಿ.