ಮಳೆಯ ಲೆಕ್ಕ ಹಿಡಿದು ಮರಗೆಲಸ: ಚಿಕ್ಕಮಗಳೂರಿನಲ್ಲಿ ಸಣ್ಣ ಅಂಗಡಿ ಮತ್ತು ತರಗತಿ ನಡೆಸುವ ಬಗೆ

ಚಿಕ್ಕಮಗಳೂರಿನಲ್ಲಿ ಸಣ್ಣದೊಂದು ಮರಗೆಲಸದ ಅಂಗಡಿ ನಡೆಸುತ್ತ, ಅಲ್ಲಿಯೇ ಆಸಕ್ತರಿಗೆ ಕೆಲಸವನ್ನೂ ಕಲಿಸಬೇಕೆಂದಿರುವವರು ಯಂತ್ರಗಳ ಪಟ್ಟಿ ಮಾಡುವ ಮೊದಲು ವರ್ಷದ ಹವಾಮಾನವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿರುವ ತೇವವನ್ನು ಮರ ಹೀರಿಕೊಳ್ಳುತ್ತದೆ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅದನ್ನು ಬಿಟ್ಟುಕೊಡುತ್ತದೆ. ಬೇಸಿಗೆಯಲ್ಲಿ ಶೇ 10ರ ಆಸುಪಾಸಿನಲ್ಲಿದ್ದ ತೇವಾಂಶ ಜುಲೈ ಹೊತ್ತಿಗೆ ಶೇ 16ಕ್ಕೆ ಏರಿದರೆ, 2 ಅಡಿ ಅಗಲದ ತೇಗದ ಮೇಜಿನ ಹಲಗೆ ಅಡ್ಡಕ್ಕೆ ಸುಮಾರು 6 ಮಿಲಿಮೀಟರ್ ಹಿಗ್ಗಬಲ್ಲದು. ಉದ್ದಕ್ಕೆ ಮಾತ್ರ ಹೇಳಿಕೊಳ್ಳುವಂಥ ಬದಲಾವಣೆ ಆಗುವುದಿಲ್ಲ. ಬೇಸಿಗೆಯಲ್ಲಿ ಸಲೀಸಾಗಿ ತಿರುಗುತ್ತಿದ್ದ ಬಾಗಿಲು ಆಷಾಢದಲ್ಲಿ ಬಿಗಿಯುವುದೂ, ಮಳೆಗಾಲದಲ್ಲಿ ಕೂಡಿಸಿದ ಹಲಗೆಗಳ ನಡುವೆ ಶಿವರಾತ್ರಿಯ ಹೊತ್ತಿಗೆ ಸಂದು ಕಾಣಿಸುವುದೂ ಇದೇ ಕಾರಣಕ್ಕೆ. ಆದ್ದರಿಂದ ಯಾವ ತಿಂಗಳಲ್ಲಿ ಯಾವ ಕೆಲಸ ಎಂಬುದನ್ನು ಈ ಏರಿಳಿತ ನೋಡಿಕೊಂಡೇ ಗೊತ್ತುಮಾಡಬೇಕು.

ಅಗಲವಾದ ಮೇಜು, ಮಂಚ, ಬಾಗಿಲು, ಕಪಾಟುಗಳ ಆರ್ಡರುಗಳನ್ನು ಜನವರಿಯಿಂದ ಮೇ ಮಧ್ಯದೊಳಗೆ ಮುಗಿಸುವಂತೆ ಒಪ್ಪಿಕೊಳ್ಳಿ. ಮಳೆಗಾಲವನ್ನು ತರಗತಿಗಳಿಗೆ ಕೊಡಿ. ಆಗ ತೋಟದಲ್ಲಿ ಕೊಯ್ಲು ಇರುವುದಿಲ್ಲ, ಜನರಿಗೆ ಸಂಜೆಯ ಬಿಡುವು ಸಿಗುತ್ತದೆ, ಮತ್ತು ಕಲಿಯುವವರು ಮಾಡುವ ಚಿಕ್ಕ ವಸ್ತುಗಳಲ್ಲಿ ಹಿಗ್ಗು–ಕುಗ್ಗು ತೊಂದರೆ ಕೊಡುವಷ್ಟು ದೊಡ್ಡದಿರುವುದಿಲ್ಲ. ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಕಾಫಿ ಕೊಯ್ಲು ಜೋರಾಗಿರುವಾಗ, ಮೂಡಿಗೆರೆ, ಆಲ್ದೂರು ಕಡೆಯಿಂದ ತರಗತಿಗೆ ಯಾರೂ ಬಿಡುವು ಮಾಡಿಕೊಂಡು ಬರಲಾರರು. ಆ ತಿಂಗಳುಗಳಲ್ಲಿ ಹೊಸ ತಂಡ ಆರಂಭಿಸಬೇಡಿ. ಏಪ್ರಿಲ್–ಮೇ ರಜೆಯಲ್ಲಿ ಶಾಲಾ ಮಕ್ಕಳಿಗಾಗಿ ಬೆಳಗಿನ ಹೊತ್ತು ಒಂದು ವಾರದ ಶಿಬಿರ ನಡೆಸಬಹುದು.

ಮಲೆನಾಡಿನ ಮಳೆಗಾಲದಲ್ಲಿ ವಿದ್ಯುತ್ತನ್ನು ನಂಬಿಕೊಂಡು ತರಗತಿ ನಡೆಸಲಾಗದು ಎಂಬುದು ಇಲ್ಲಿಯವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ತರಗತಿಯನ್ನು ಪೂರ್ತಿಯಾಗಿ ಕೈ ಉಪಕರಣಗಳ ಮೇಲೆ ಕಟ್ಟಬೇಕು ಎಂದು ನಾನು ಒತ್ತಿ ಹೇಳುವುದಕ್ಕೆ ಇದೊಂದು ಕಾರಣ. ಇದಕ್ಕಿಂತ ಮುಖ್ಯ ಕಾರಣವೆಂದರೆ, ಉಳಿ ಮತ್ತು ಹತ್ತರಿ (ಮರದ ಮೈ ಹೆರೆದು ಸಮ ಮಾಡುವ ಉಪಕರಣ) ಹಿಡಿದವರಿಗೆ ಮರದ ಎಳೆ ಯಾವ ದಿಕ್ಕಿಗೆ ಹೋಗುತ್ತಿದೆ, ಗಂಟಿನ ಬಳಿ ಹೇಗೆ ತಿರುಗುತ್ತದೆ ಎಂಬುದು ಅಂಗೈಗೇ ತಿಳಿಯುತ್ತದೆ. ಯಂತ್ರದಿಂದ ಆರಂಭಿಸಿದವರಿಗೆ ಈ ತಿಳಿವಳಿಕೆ ತಡವಾಗಿ ಬರುತ್ತದೆ.

ಮರದ ವಿಷಯಕ್ಕೆ ಬಂದರೆ, ಈ ಜಿಲ್ಲೆಯವರಿಗೆ ಇರುವ ಅನುಕೂಲ ಬಯಲುಸೀಮೆಯವರಿಗಿಲ್ಲ. ಕಾಫಿ ತೋಟಗಳಲ್ಲಿ ನೆರಳಿಗಾಗಿ ಮತ್ತು ಕಾಳುಮೆಣಸಿನ ಬಳ್ಳಿ ಹಬ್ಬಿಸಲು ಬೆಳೆಸಿದ ಸಿಲ್ವರ್ ಓಕ್ ಹೇರಳವಾಗಿ ಸಿಗುತ್ತದೆ, ಬೆಲೆಯೂ ಕೈಗೆಟಕುವಂತಿರುತ್ತದೆ. ಪ್ಯಾಕಿಂಗ್ ಪೆಟ್ಟಿಗೆಗೂ ಪ್ಲೈವುಡ್‌ಗೂ ಮಾತ್ರ ಲಾಯಕ್ಕು ಎಂದು ಅದನ್ನು ಕಡೆಗಣಿಸುವವರು ಬಹಳ ಮಂದಿ. ಆದರೆ ತ್ರಿಜ್ಯದ ದಿಕ್ಕಿನಲ್ಲಿ, ಅಂದರೆ ದಿಮ್ಮಿಯ ನಡುವಿನಿಂದ ತೊಗಟೆಯ ಕಡೆಗೆ, ಕೊಯ್ಸಿದ ಸಿಲ್ವರ್ ಓಕ್ ಹಲಗೆಯ ಮೇಲೆ ಕಾಣುವ ಹೊಳೆಯುವ ಚುಕ್ಕೆ–ಪಟ್ಟೆಗಳ ಸೊಬಗು ಅದನ್ನು ಚೆನ್ನಾಗಿ ಹೆರೆದು ನೋಡಿದವರಿಗಷ್ಟೇ ಗೊತ್ತು. ಮೃದುವಾಗಿರುವುದರಿಂದ ಕಲಿಯುವವರ ಕೈಗೂ ಅದು ಹಿತ. ಎರಡು ಎಚ್ಚರಿಕೆಗಳು ಮಾತ್ರ ಬೇಕು: ಒಣಗುವಾಗ ತುದಿಗಳಲ್ಲಿ ಸೀಳು ಬಿಡುತ್ತದೆ, ಮತ್ತು ಅದರ ಪುಡಿ ಕೆಲವರ ಚರ್ಮಕ್ಕೆ ತುರಿಕೆ, ದದ್ದು ತರುತ್ತದೆ. ತರಗತಿಗೆ ಸೇರುವಾಗಲೇ ಅಲರ್ಜಿಯ ಬಗ್ಗೆ ಕೇಳಿ, ಅಂಥವರಿಗೆ ಹಲಸು ಕೊಡಿ. ಹಲಸಿನ ಹಳದಿ ಬಣ್ಣ ವರ್ಷಗಳು ಕಳೆದಂತೆ ಕೆಂಗಂದಾಗುತ್ತ ಹೋಗುವುದನ್ನು ಹಳೆಯ ಮನೆಗಳ ಕಂಬಗಳಲ್ಲಿ ನೋಡಬಹುದು. ಹೆಬ್ಬಲಸು, ನಂದಿ, ಮತ್ತಿ ಇವುಗಳಲ್ಲಿ ಮತ್ತಿ ಗಟ್ಟಿ ಮತ್ತು ಭಾರ. ಕೆಲಸದ ಬೆಂಚಿನ ಕಾಲಿಗೆ ಸರಿ, ಕಲಿಯುವವರ ಉಳಿಗೆ ಅಲ್ಲ. ಹಳೆಯ ಮನೆ ಬಿಚ್ಚುವ ಸುದ್ದಿ ತಿಳಿದರೆ ಹೋಗಿ ನೋಡಿ. ಆ ತೊಲೆಗಳು ದಶಕಗಳ ಕಾಲ ಒಣಗಿರುತ್ತವೆ. ಆದರೆ ಹತ್ತರಿ ಹಾಕುವ ಮುನ್ನ ಅಯಸ್ಕಾಂತ ಹಿಡಿದು ಮುರಿದ ಮೊಳೆಗಳನ್ನು ಹುಡುಕಿ ತೆಗೆಯಬೇಕು.

ಕಾನೂನಿನ ಭಾಗವನ್ನು ಹಗುರವಾಗಿ ಕಾಣುವಂತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಮತ್ತು ಅರಣ್ಯ ನಿಯಮಗಳ ಪ್ರಕಾರ ಬೀಟೆ, ತೇಗ, ಹೊನ್ನೆಯಂಥ ಮರಗಳನ್ನು ಸ್ವಂತ ತೋಟದಲ್ಲಿ ಬೆಳೆದವೆಂಬ ಕಾರಣಕ್ಕೆ ಅನುಮತಿಯಿಲ್ಲದೆ ಕಡಿಯಲು, ರಹದಾರಿಯಿಲ್ಲದೆ ಸಾಗಿಸಲು ಬರುವುದಿಲ್ಲ. ಪರಿಚಯದ ತೋಟದವರು ಕೊಟ್ಟ ಮರವಾದರೂ ಕಾಗದಪತ್ರವಿಲ್ಲದೆ ಅಂಗಡಿಯೊಳಗೆ ಇಳಿಸಿಕೊಳ್ಳಬೇಡಿ. ಸಾಮಿಲ್‌ನಿಂದಾಗಲಿ ಅರಣ್ಯ ಇಲಾಖೆಯ ನಾಟಾ ಡಿಪೋ ಹರಾಜಿನಿಂದಾಗಲಿ ಕೊಂಡದ್ದರ ರಶೀದಿಗಳನ್ನು ಒಂದು ಫೈಲಿನಲ್ಲಿ ಇಟ್ಟಿರಿ. ದುಂಡು ದಿಮ್ಮಿ ಕೊಯ್ಯುವ ಯಂತ್ರ ಇಡಬೇಕಾದರೆ ಇಲಾಖೆಯ ಪರವಾನಗಿ ಬೇಕು. ಸಣ್ಣ ಅಂಗಡಿಗೆ ಅದರ ಗೊಡವೆ ಬೇಡ, ಕೊಯ್ದ ಹಲಗೆಯನ್ನೇ ತನ್ನಿ.

ದಿಮ್ಮಿಯನ್ನೇ ಕೊಂಡು ಸಾಮಿಲ್‌ನಲ್ಲಿ ಕೊಯ್ಸುವುದಾದರೆ ಅಳತೆಯ ಲೆಕ್ಕ ನಿಮಗೂ ಬರಬೇಕು. ಸುತ್ತಳತೆಯನ್ನು ಇಂಚಿನಲ್ಲಿ ಅಳೆದು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಅಡಿಯಲ್ಲಿರುವ ಉದ್ದದಿಂದ ಮತ್ತೆ ಗುಣಿಸಿ, 144ರಿಂದ ಭಾಗಿಸಿದರೆ ವ್ಯಾಪಾರದ ಘನ ಅಡಿ ಸಿಗುತ್ತದೆ. 48 ಇಂಚು ಸುತ್ತಳತೆಯ 10 ಅಡಿ ದಿಮ್ಮಿ ಹೀಗೆ 10 ಘನ ಅಡಿ ಆಗುತ್ತದೆ. ದಿಮ್ಮಿಯ ನಿಜವಾದ ಗಾತ್ರ ಸುಮಾರು 12.7 ಘನ ಅಡಿ. ತೊಗಟೆಯ ಬದಿಯ ಚಕ್ಕೆಗೂ ಗರಗಸದ ಪುಡಿಗೂ ಹೋಗುವ ನಷ್ಟವನ್ನು ಈ ಸೂತ್ರ ಮೊದಲೇ ಬಿಟ್ಟುಕೊಟ್ಟಿರುತ್ತದೆ. ಹಲಗೆಗಾದರೆ ಅಗಲ ಮತ್ತು ದಪ್ಪ ಇಂಚಿನಲ್ಲಿ, ಉದ್ದ ಅಡಿಯಲ್ಲಿ ಇಟ್ಟು ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. ಹಸಿ ಮರ ಒಣಗಿದಾಗ ಕುಗ್ಗುವುದರಿಂದ, ಕೊನೆಗೆ 1 ಇಂಚು ದಪ್ಪ ಬೇಕಾದಲ್ಲಿ ಒಂದೂಕಾಲು ಇಂಚಿಗೆ ಕೊಯ್ಸಿ.

ಕೊಯ್ದ ಹಲಗೆಗಳನ್ನು ನೆಲದಿಂದ ಒಂದೂವರೆ ಅಡಿ ಮೇಲೆ, ಸೂರಿನಡಿ, ಗಾಳಿಯಾಡುವ ಕಡೆ ಒಟ್ಟಬೇಕು. ಪ್ರತಿ ಪದರದ ನಡುವೆ ಮುಕ್ಕಾಲು ಇಂಚಿನ ಒಣ ಪಟ್ಟಿಗಳನ್ನು ಒಂದೂವರೆ ಅಡಿ ಅಂತರದಲ್ಲಿ, ಮೇಲಿನಿಂದ ಕೆಳಗಿನವರೆಗೆ ಒಂದೇ ನೇರದಲ್ಲಿ ಇಡಬೇಕು. ನೇರ ತಪ್ಪಿದ ಪಟ್ಟಿ ಇಡೀ ಅಟ್ಟಿಯನ್ನು ಬಾಗಿಸುತ್ತದೆ. ಹಲಗೆಯ ತುದಿಗಳಿಗೆ ಕೊಯ್ದ ದಿನವೇ ಪೇಂಟ್ ಅಥವಾ ಮೇಣ ಬಳಿದರೆ ಸೀಳು ಕಡಿಮೆಯಾಗುತ್ತದೆ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂಬ ಹಳೆಯ ಅಂದಾಜು ಇಲ್ಲಿ ಇಂದಿಗೂ ನಡೆಯುತ್ತದೆ, ಆದರೂ ತೇವಾಂಶ ಮೀಟರ್ ಒಂದನ್ನು ಕೊಂಡಿಟ್ಟುಕೊಂಡು ತಿಂಗಳಿಗೊಮ್ಮೆ ಅಳೆದು ಹಲಗೆಯ ಮೇಲೆಯೇ ಸೀಮೆಸುಣ್ಣದಲ್ಲಿ ಬರೆಯುವುದು ಮೇಲು. ಮರ ಕೊರೆಯುವ ಕುಟ್ಟೆ ಹುಳು ಹಿಡಿಯುವುದು ಹೆಚ್ಚಾಗಿ ಬಿಳಿಯ ಹೊರಭಾಗಕ್ಕೆ. ಒಳಗಿನ ಗಟ್ಟಿ ಭಾಗವಾದ ಚೇಗನ್ನು ಮಾತ್ರ ಬಳಸುವುದು ಸಾಧ್ಯವಾಗದಿದ್ದರೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣವನ್ನು ಹಸಿ ಇರುವಾಗಲೇ ಬಳಿಯಬೇಕು.

ಜಾಗದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಉತ್ತರದ ಬೆಳಕು ಬೀಳುವ ಕಿಟಕಿ, ಸೋರದ ಸೂರು, ಮೆಸ್ಕಾಂನಿಂದ ಪಡೆದ ತ್ರೀ ಫೇಸ್ ಸಂಪರ್ಕ, ನಗರಸಭೆಯ ಉದ್ದಿಮೆ ಪರವಾನಗಿ ಇಷ್ಟಿದ್ದರೆ ಆರಂಭಿಸಬಹುದು. ಯಂತ್ರಗಳ ಕೋಣೆ ಮತ್ತು ತರಗತಿಯ ಬೆಂಚುಗಳ ನಡುವೆ ಬಾಗಿಲೊಂದು ಇರಲೇಬೇಕು, ತರಗತಿ ನಡೆಯುವಾಗ ಅದಕ್ಕೆ ಬೀಗ ಬಿದ್ದಿರಬೇಕು.

ದಿನವನ್ನು ಎರಡು ಪಾಲು ಮಾಡಿ. ಬೆಳಿಗ್ಗೆ ಗ್ರಾಹಕರ ಕೆಲಸ, ಮಧ್ಯಾಹ್ನದ ನಂತರ ತರಗತಿ ಮತ್ತು ಅದರ ಸಿದ್ಧತೆ. ಇವೆರಡನ್ನೂ ಬೆರೆಸಿದರೆ ಆರ್ಡರು ತಡವಾಗುತ್ತದೆ, ಕಲಿಯುವವರಿಗೂ ಪೂರ್ತಿ ಗಮನ ಸಿಗುವುದಿಲ್ಲ. ಒಂದು ಗಂಟೆಯ ಪಾಠಕ್ಕೆ ಹೆಚ್ಚುಕಡಿಮೆ ಒಂದು ಗಂಟೆಯ ತಯಾರಿ ಬೇಕು ಎಂದೇ ಲೆಕ್ಕ ಹಾಕಿ: ಮರವನ್ನು ಅಳತೆಗೆ ಕೊಯ್ದಿಡಬೇಕು, ಉಳಿಗಳನ್ನು ಮಸೆದಿಡಬೇಕು, ಹಿಂದಿನ ದಿನದ ಹೊಟ್ಟನ್ನು ಗುಡಿಸಿರಬೇಕು. ಒಬ್ಬ ಕಲಿಸುವವರಿಗೆ ಐದು ಜನಕ್ಕಿಂತ ಹೆಚ್ಚು ಬೇಡ. ಆರನೆಯವರು ಬಂದರೆ ಯಾರದೋ ಕೈ ನಿಮ್ಮ ಕಣ್ಣಿನಿಂದ ತಪ್ಪಿಸಿಕೊಳ್ಳುತ್ತದೆ.

ಮೊದಲ ತರಗತಿಯಲ್ಲಿ ಮರವನ್ನು ಮುಟ್ಟಿಸಬೇಡಿ, ಸಾಣೆಕಲ್ಲನ್ನು ಮುಂದಿಡಿ. ಉಳಿಯ ಬೆನ್ನನ್ನು ಕನ್ನಡಿಯಂತೆ ಸಮತಟ್ಟು ಮಾಡಿ, ಬಾಯಿಯನ್ನು 25 ಡಿಗ್ರಿಗೆ ಹೆರೆದು, ತುದಿಯನ್ನಷ್ಟೇ 30 ಡಿಗ್ರಿಗೆ ಎತ್ತಿ ಮಸೆಯಬೇಕು. 1000 ಗ್ರಿಟ್ ಕಲ್ಲಿನ ಮೇಲೆ, ಬೆನ್ನಿನ ಕಡೆ ಕೂದಲಿನಷ್ಟು ಸಣ್ಣ ಸಿಬಿರು ಬೆರಳಿಗೆ ತಗಲುವವರೆಗೆ ಮಸೆದು, ಅನಂತರ 6000 ಗ್ರಿಟ್‌ನಲ್ಲಿ ಆ ಸಿಬಿರನ್ನು ಕಳೆಯಬೇಕು. ಸಿಲ್ವರ್ ಓಕ್ ತುಂಡಿನ ತಲೆಯನ್ನು, ಅಂದರೆ ಎಳೆಗಳು ಕೊನೆಯಾಗುವ ಬದಿಯನ್ನು, ಪುಡಿಯಾಗದೆ ನುಣ್ಣಗೆ ಸೀಳಿದರೆ ಉಳಿ ಸಿದ್ಧವಾಗಿದೆ. ಇದು ಬೇಸರದ ಆರಂಭ ಎಂದು ಕೆಲವರಿಗೆ ಅನ್ನಿಸಬಹುದು, "ಮೇಜು ಮಾಡೋದು ಯಾವಾಗ ಸಾರ್?" ಎಂದು ಕೇಳಿಯೂ ಕೇಳುತ್ತಾರೆ. ಆದರೂ ಇದನ್ನು ಬದಲಿಸಬೇಡಿ. ಮೊಂಡು ಉಳಿಗೆ ಹೆಚ್ಚು ಒತ್ತಡ ಹಾಕಬೇಕಾಗುತ್ತದೆ, ಹೆಚ್ಚು ಒತ್ತಡ ಹಾಕಿದ ಉಳಿ ಜಾರುತ್ತದೆ, ತರಗತಿಗಳಲ್ಲಿ ಕೈ ಕೊಯ್ದುಕೊಳ್ಳುವುದು ಬಹುಪಾಲು ಹೀಗೆಯೇ.

ಎರಡನೆಯ ಹಂತದಲ್ಲಿ ಮೂಲೆಮಟ್ಟ ಹಿಡಿದು ಚಾಕುವಿನಲ್ಲಿ ಗೆರೆ ಎಳೆಯುವುದು, ಗೆರೆಯ ಹೊರಬದಿಯಲ್ಲಿ ಗರಗಸ ಓಡಿಸುವುದು, ಹತ್ತರಿಯಿಂದ ಒಂದು ಮುಖವನ್ನು ನೇರಮಾಡಿ ಅದರ ಆಧಾರದಲ್ಲಿ ಉಳಿದ ಮುಖಗಳನ್ನು ಸರಿಪಡಿಸುವುದು. ಆಮೇಲೆ ಎರಡು ತುಂಡುಗಳಿಂದಲೂ ಅರ್ಧ ದಪ್ಪ ತೆಗೆದು ಕೂಡಿಸುವ ಕಚ್ಚು, ಅದಾದ ಮೇಲೆ ಒಂದರಲ್ಲಿ ಚೌಕ ತೂತು, ಇನ್ನೊಂದರಲ್ಲಿ ಅದಕ್ಕೆ ಕೂರುವ ನಾಲಿಗೆ. ನಾಲಿಗೆಯ ದಪ್ಪ ಹಲಗೆಯ ಮೂರನೆಯ ಒಂದು ಭಾಗದಷ್ಟಿರಲಿ. ಕಚ್ಚಿನಿಂದ ಬಿಸಿ ಪಾತ್ರೆ ಇಡುವ ಚೌಕಟ್ಟು, ತೂತು–ನಾಲಿಗೆಯಿಂದ ಕೂರುವ ಮಣೆ ಅಥವಾ ಸಣ್ಣ ಸ್ಟೂಲು; ಮನೆಗೆ ಒಯ್ದು ದಿನವೂ ಬಳಸುವ ವಸ್ತುವನ್ನೇ ಮಾಡಿಸಿ. ಊರಿನಲ್ಲಿ ಕೆಲಸದಿಂದ ಬಿಡುವು ಪಡೆದ ಹಿರಿಯ ಆಚಾರ್ರು ಇದ್ದರೆ, ವಾರಕ್ಕೊಮ್ಮೆಯಾದರೂ ಅವರನ್ನು ಗೌರವಧನ ಕೊಟ್ಟು ಕರೆಸಿ. ಗರಗಸ ಹಿಡಿದ ಮೊಣಕೈ ಎಲ್ಲಿರಬೇಕು ಎಂಬುದನ್ನು ಅವರು ಮಾಡಿ ತೋರಿಸುವಂತೆ ಪುಸ್ತಕ ತೋರಿಸಲಾರದು, ಮತ್ತು ಆ ಕಸುಬಿಗೆ ಸಲ್ಲಬೇಕಾದ ಗೌರವವನ್ನು ಹೊಸಬರು ಅಲ್ಲಿಯೇ ಕಣ್ಣಾರೆ ಕಾಣುತ್ತಾರೆ.

ಸುರಕ್ಷತೆಯ ನಿಯಮಗಳು ಕೆಲವೇ, ಆದರೆ ವಿನಾಯಿತಿ ಇಲ್ಲ. ಎರಡೂ ಕೈಗಳು ಉಳಿಯ ಬಾಯಿಯ ಹಿಂದೆ ಇರಬೇಕು. ಮರವನ್ನು ಕೈಯಲ್ಲಿ ಹಿಡಿದಲ್ಲ, ವೈಸ್ ಅಥವಾ ಕ್ಲಾಂಪಿನಲ್ಲಿ ಬಿಗಿದು ಕೆತ್ತಬೇಕು. ಸೆರಗು, ದುಪಟ್ಟಾ, ಉದ್ದ ಕೂದಲು ಕಟ್ಟಿರಬೇಕು. ತಿರುಗುವ ಯಂತ್ರದ ಬಳಿ ಕೈಗವಸು ಹಾಕಬಾರದು. ಮರದ ಪುಡಿ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ, ಆದ್ದರಿಂದ ಸ್ಯಾಂಡ್‌ಪೇಪರ್ ಉಜ್ಜುವಾಗ ಎನ್‌95 ಮಾಸ್ಕ್ ಕಡ್ಡಾಯ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಒಣಹಾಕಿ ಅಥವಾ ನೀರಿನಲ್ಲಿ ಮುಳುಗಿಸಿಡಿ. ಅರಗಿನ ಪಾಲಿಶನ್ನು ಜಡಿಮಳೆಯ ದಿನ ಹಚ್ಚಿದರೆ ಮೇಲೆ ಬಿಳಿ ಮಂಕು ಕವಿಯುತ್ತದೆ, ಮಳೆಗಾಲದ ತರಗತಿಗೆ ಎಣ್ಣೆ ಮತ್ತು ಜೇನುಮೇಣವೇ ಸರಿ.

ಬೆಲೆ ಕಟ್ಟುವಾಗ ಮರದ ಬೆಲೆಗೆ ಕಾಲು ಭಾಗದಷ್ಟು ನಷ್ಟ ಸೇರಿಸಿ, ನಿಮ್ಮ ಗಂಟೆಗಳಿಗೆ ಕೂಲಿ ಹಾಕಿ, ಬಾಡಿಗೆ, ವಿದ್ಯುತ್, ಉಪಕರಣಗಳ ಸವೆತದ ಪಾಲು ಕೂಡಿಸಿ, ಆಮೇಲೆ ಲಾಭ. ತರಗತಿಯ ಶುಲ್ಕಕ್ಕೂ ಇದೇ ಕ್ರಮ. ತಯಾರಿಯ ಗಂಟೆಗಳನ್ನು ಬಿಟ್ಟು ಶುಲ್ಕ ನಿಗದಿ ಮಾಡಿದ ತರಗತಿ ಬಹಳ ಕಾಲ ನಿಲ್ಲುವುದಿಲ್ಲ. ಸರಕು ಮಾತ್ರ ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದಾಗ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ. ಆದರೆ ಕಲಿಸುವುದು ಸೇವೆಯಾದ್ದರಿಂದ ಎರಡನ್ನೂ ನಡೆಸುವವರು 20 ಲಕ್ಷದ ಮಿತಿಯನ್ನೇ ಗಮನದಲ್ಲಿಡಬೇಕು. ಸಣ್ಣ ಉದ್ದಿಮೆಗಳಿಗಾಗಿ ಇರುವ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಒಂದು. ಅರ್ಹರಿಗೆ ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ, ಉಪಕರಣಗಳಿಗೆ 15,000 ರೂಪಾಯಿ, ಮತ್ತು ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅನಂತರ 2 ಲಕ್ಷ ರೂಪಾಯಿ ಸಾಲದ ಅವಕಾಶ ಅದರಲ್ಲಿದೆ.

ತರಗತಿ ಮುಗಿಸಿದವರಲ್ಲಿ ಕೆಲವರು ಮುಂದುವರಿಯಲು ಬಯಸುತ್ತಾರೆ, ಆದರೆ ಮನೆಯಲ್ಲಿ ಅವರಿಗೆ ಬೆಂಚು ಇರುವುದಿಲ್ಲ. ಅಂಥವರಿಗಾಗಿ ಭಾನುವಾರ ಬೆಳಿಗ್ಗೆ ಬೆಂಚನ್ನು ಗಂಟೆಯ ಬಾಡಿಗೆಗೆ ತೆರೆದಿಡಿ. ಮರವನ್ನು ಅವರೇ ತರಲಿ, ರಶೀದಿಯೊಂದಿಗೆ. ಕೈ ಉಪಕರಣಗಳನ್ನು ನೀವು ಕೊಡಿ, ಹೊರಡುವ ಮೊದಲು ಮಸೆದು, ತೆಳುವಾಗಿ ಮಷಿನ್ ಎಣ್ಣೆ ಒರೆಸಿ, ತೆಗೆದ ಜಾಗದಲ್ಲಿಯೇ ತೂಗುಹಾಕಬೇಕೆಂದು ಮೊದಲ ದಿನವೇ ತಿಳಿಸಿ.